ಫ್ಯಾನ್ ಬಂದ್ ಮಾಡಿದ ದಿನ: ಗದಗದಲ್ಲಿ ಒಂದು ಜಲವರ್ಣ ಚಿತ್ರದ ಶೂಟಿಂಗ್

ಕಳೆದ ಏಪ್ರಿಲ್‌ನಲ್ಲಿ ಗದಗದ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರ ಮೇಲೆ ನಾವು ಡಾಕ್ಯುಮೆಂಟರಿ ಮಾಡಿದೆವು. ಅವರ ಬದುಕಿನ ಕಥೆ ನಮಗೆ ಬೇಕಿರಲಿಲ್ಲ. ಶಾಲು, ಹಾರ, ಸನ್ಮಾನ ಯಾವುದೂ ಬೇಕಿರಲಿಲ್ಲ. ಅವರು ಜಲವರ್ಣದಲ್ಲಿ ಆಕಾಶ ಹೇಗೆ ಹಾಕುತ್ತಾರೆ, ಆ ಆಕಾಶದೊಳಗೆ ಮರ ಹೇಗೆ ಕೂರಿಸುತ್ತಾರೆ, ಅಷ್ಟೇ ಬೇಕಿತ್ತು. ಹುಬ್ಬಳ್ಳಿಯಿಂದ ನಾಲ್ಕು ಜನ ಹೋದೆವು. ಎರಡು ದಿನದ ಕೆಲಸ ಅಂದುಕೊಂಡಿದ್ದು ಐದು ದಿನ ಆಯಿತು. ಮೊದಲ ಎರಡು ದಿನ ತೆಗೆದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಪಕ್ಕಕ್ಕೆ ಇಡಬೇಕಾಯಿತು. ಫೋಕಸ್ ತಪ್ಪಿತ್ತಾ? ಇಲ್ಲ. ಬೆಳಕು ಕೆಟ್ಟಿತ್ತಾ? ಇಲ್ಲ. ಶಾಟ್‌ಗಳು ಚೆನ್ನಾಗಿಯೇ ಇದ್ದವು. ಆದರೆ ಅವನ್ನು ನೋಡಿ ಯಾರೂ ಆ ಆಕಾಶ ಹಾಕೋದನ್ನು ಕಲಿಯಲಾರರು, ಯಾಕೆಂದರೆ ಮಾಸ್ತರರು ಯಾವುದನ್ನು ನೋಡಿಕೊಂಡು ಕೈ ಇಡುತ್ತಾರೋ ಅದನ್ನೇ ನಾವು ನಮ್ಮ ಸಾಮಾನುಗಳಿಂದ ಅಳಿಸಿಬಿಟ್ಟಿದ್ದೆವು.

ಇದನ್ನು ಪೂರ್ತಿ ಬರೆಯೋದಕ್ಕೆ ಕಾರಣ ಇದೆ. ನಮ್ಮ ಭಾಗದಲ್ಲಿ ಚಿತ್ರಕಲೆಗೆ ಗಟ್ಟಿ ಬೇರು ಇದೆ. ಗದಗದಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿದರು, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದರು. ಅಂಥ ಶಾಲೆಗಳಲ್ಲಿ ಕಲಿತವರು ಊರೂರಿನ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಾದರು. ಆ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರಿಗೆ ಗೊತ್ತಿರುವುದರಲ್ಲಿ ಬಹಳಷ್ಟು ಪುಸ್ತಕದಲ್ಲಿಲ್ಲ, ಅವರ ಕೈಯಲ್ಲಿದೆ. ಕ್ಯಾಮೆರಾ ಹಿಡಿದ ಹುಡುಗರು ಈಗ ಎಲ್ಲ ಊರಲ್ಲೂ ಇದ್ದಾರೆ. ಅವರು ಇಂಥ ಒಬ್ಬ ಮಾಸ್ತರರ ಮನೆಗೆ ಹೋಗುವ ಮುಂಚೆ ನಮ್ಮ ಐದು ದಿನದ ಕಥೆ ಓದಿದರೆ ಒಂದೆರಡು ಒಳ್ಳೆ ಕಾಗದವಾದರೂ ಉಳಿದಾವು.

ಮಾಸ್ತರರ ಕೆಲಸದ ಕೋಣೆ ಮನೆಯ ಹಿತ್ತಲ ಕಡೆ ಇದೆ. ಉತ್ತರಕ್ಕೆ ಒಂದು ದೊಡ್ಡ ಕಿಟಕಿ, ಅದಕ್ಕೆ ಉದ್ದುದ್ದ ಕಬ್ಬಿಣದ ಸರಳು. ಕಿಟಕಿಗೆ ಮುಖ ಮಾಡಿ ಮೇಜು. ಮೇಜಿನ ಮೇಲೆ ಪ್ಲೈವುಡ್ ಹಲಗೆ, ಅದರ ತಲೆಯ ಕಡೆ ಒಂದು ಹಳೇ ಡಿಕ್ಷನರಿ ಕೊಟ್ಟು ಇಳಿಜಾರು ಮಾಡಿದ್ದಾರೆ. ಕಾಗದ 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯ ಹತ್ತಿಯದು. ಹಿಂದಿನ ರಾತ್ರಿಯೇ ಅದನ್ನು ನೀರಲ್ಲಿ ನೆನೆಸಿ, ನಾಲ್ಕೂ ಅಂಚಿಗೆ ಗಮ್ ಟೇಪ್ ಹಚ್ಚಿ ಹಲಗೆಗೆ ಅಂಟಿಸಿ ಒಣಗಲು ಬಿಡುತ್ತಾರೆ. ಬೆಳಿಗ್ಗೆ ಬೆರಳಿನಿಂದ ತಟ್ಟಿದರೆ ದಪ್ಪು ಬಾರಿಸಿದ ಹಾಗೆ ಸದ್ದು ಬರುತ್ತದೆ.

ನಾವು ಹೋದಾಗ ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಚಿತ್ರ ಮಾಡಲು ತಯಾರಿ ನಡೆಸಿದ್ದರು. ಲಕ್ಕುಂಡಿ ಗದಗದಿಂದ ಹನ್ನೊಂದು ಹನ್ನೆರಡು ಕಿಲೋಮೀಟರ್ ಅಷ್ಟೇ. 11ನೇ ಶತಮಾನದ ಆ ಚಾಲುಕ್ಯರ ಗುಡಿಯನ್ನು ಅವರು ಪೆನ್ಸಿಲ್‌ನಲ್ಲಿ ಎಷ್ಟು ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಅಲ್ಲಿನ ಕಲ್ಲಿನ ಬಣ್ಣ ಪೂರ್ತಿ ಬೂದಿಯೂ ಅಲ್ಲ, ಪೂರ್ತಿ ಹಸಿರೂ ಅಲ್ಲ. ಅದಕ್ಕೆ ಅವರು ವಿರಿಡಿಯನ್ ಹಸಿರಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸುತ್ತಾರೆ. ಆಕಾಶಕ್ಕೆ ಅಲ್ಟ್ರಾಮರೀನ್ ನೀಲಿ, ಅದರಲ್ಲೂ ಚೂರು ಸಿಯೆನ್ನಾ.

ಈಗ ಮುಖ್ಯವಾದ ಜಾಗಕ್ಕೆ ಬರುತ್ತೇನೆ. ಶಿಖರದ ಹಿಂದೆ ದೂರದಲ್ಲಿ ಬೇವಿನ ಮರಗಳು ಇರಬೇಕು, ಆದರೆ ಅಂಚು ಕಾಣಬಾರದು. ಅದಕ್ಕೆ ಆಕಾಶ ಇನ್ನೂ ಹಸಿ ಇರುವಾಗಲೇ ಮರ ಇಡಬೇಕು. ಎಷ್ಟು ಹಸಿ? ಅದೇ ಪ್ರಶ್ನೆ. ಬೇಗ ಇಟ್ಟರೆ ಮರ ಹರಡಿ ಮೋಡ ಆಗುತ್ತದೆ. ತಡ ಮಾಡಿದರೆ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಅರ್ಧ ಆರಿದ ಕಾಗದದ ಮೇಲೆ ನೀರು ಜಾಸ್ತಿ ಇರುವ ಬ್ರಷ್ ಇಟ್ಟರೆ ಇನ್ನೂ ಕಷ್ಟ. ಆ ನೀರು ಮೊದಲು ಹಾಕಿದ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ ಹೂಕೋಸಿನ ಅಂಚಿನಂಥ ಕಲೆ ಬಿಡುತ್ತದೆ. ಮಾಸ್ತರರು ಇದಕ್ಕೆ 'ಹೂ ಬಿತ್ತು' ಅನ್ನುತ್ತಾರೆ.

ಸರಿಯಾದ ಹೊತ್ತು ಅವರಿಗೆ ಹೇಗೆ ಗೊತ್ತಾಗುತ್ತದೆ? ಕಾಗದದ ಮಿಂಚಿನಿಂದ. ನೀರು ಬಳಿದ ಕೂಡಲೇ ಕಾಗದ ಕನ್ನಡಿ ಆಗುತ್ತದೆ. ಎದುರಿನ ಕಿಟಕಿ ಅದರಲ್ಲಿ ಸರಳುಗಳ ಸಮೇತ ಕಾಣುತ್ತದೆ, ಬೇಕಾದರೆ ಎಣಿಸಬಹುದು. ನೀರು ಒಳಗೆ ಇಳಿದ ಹಾಗೆ ಕಾಗದದ ತರಿ ಮೇಲೆ ಏಳುತ್ತದೆ, ಬೆಳಕು ಚದುರುತ್ತದೆ, ಸರಳುಗಳು ಮಸುಕಾಗುತ್ತವೆ. ಆಮೇಲೆ ಕಿಟಕಿ ಬರೀ ಒಂದು ಬಿಳಿ ಮಚ್ಚೆ. ಆಮೇಲೆ ಇಳಕಲ್ ಸೀರೆಯ ರೇಷ್ಮೆ ಸೆರಗಿನಂಥ ಒಂದು ಮಂದ ಹೊಳಪು. ಆ ಹೊಳಪು ಇನ್ನೇನು ಹೋಗಬೇಕು, ಅಷ್ಟರಲ್ಲಿ ಮರ ಇಡಬೇಕು. ಇದನ್ನು ನೋಡಲು ಅವರು ತಲೆ ಬಗ್ಗಿಸಿ, ಕಾಗದದ ಮಟ್ಟಕ್ಕೆ ಕಣ್ಣು ತಂದು, ಸ್ವಲ್ಪ ಎಡಕ್ಕೆ ವಾಲುತ್ತಾರೆ. ಈ ವಾಲುವುದು ನೆನಪಿರಲಿ.

ಇಷ್ಟೆಲ್ಲ ನನಗೆ ಈಗ ಗೊತ್ತು. ಮೊದಲ ದಿನ ಗೊತ್ತಿರಲಿಲ್ಲ.

ಮೊದಲ ದಿನ

ನಮ್ಮ ಹತ್ತಿರ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆ ಕ್ಯಾಮೆರಾ ಎರಡು ಇದ್ದವು. ಒಂದನ್ನು ಕಾಗದದ ನೇರ ಮೇಲೆ ತೂಗುಹಾಕಿದೆವು, ಇನ್ನೊಂದಕ್ಕೆ ಬಹಳ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಹಾಕಿ ಬ್ರಷ್ ತುದಿಗೆ ಇಟ್ಟೆವು. ಸೆಕೆಂಡಿಗೆ 25 ಫ್ರೇಮ್, ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಸಿನಿಮಾ ಅಂತ 24 ಫ್ರೇಮಿನಲ್ಲಿ ಶಟರ್ 180 ಡಿಗ್ರಿಗೇ, ಅಂದರೆ 1/48 ಸೆಕೆಂಡಿಗೇ ಬಿಟ್ಟರೆ ಟ್ಯೂಬ್‌ಲೈಟ್ ಇರುವ ಮನೆಯಲ್ಲಿ ಚಿತ್ರ ಮಿನುಗುತ್ತದೆ. 24 ಬೇಕೇ ಬೇಕು ಅಂದರೆ ಶಟರ್ 172.8 ಡಿಗ್ರಿಗೆ ಇಡಿ, ಮತ್ತೆ 1/50 ಆಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಮುಂದೆ ಹೋಗೋಣ.

ಬಾಡಿಗೆಗೆ ತಂದ ಎಲ್ಇಡಿ ಪ್ಯಾನೆಲ್ ಹಚ್ಚಿದಾಗ ಮಾನಿಟರ್‌ನಲ್ಲಿ ವಿರಿಡಿಯನ್ ಸತ್ತ ಹಾಗೆ ಕಂಡಿತು. ಮಾಸ್ತರರು ತಟ್ಟೆಯಲ್ಲಿ ಬೆರೆಸಿದ ಕಲ್ಲಿನ ಬಣ್ಣ ಕಣ್ಣಿಗೆ ಹಸಿರು ಬೂದಿ, ಪರದೆ ಮೇಲೆ ಬರೀ ಬೂದಿ. ಅಗ್ಗದ ಬಿಳಿ ಎಲ್ಇಡಿಯಲ್ಲಿ ನೀಲಿ ಬೆಳಕು 450 ನ್ಯಾನೊಮೀಟರ್ ಹತ್ತಿರ ಒಂದೇ ಕಡೆ ಗುಡ್ಡದ ಹಾಗೆ ಎದ್ದಿರುತ್ತದೆ, ಅದರ ಪಕ್ಕ 480ರ ಸುತ್ತ ಒಂದು ತಗ್ಗು. ವಿರಿಡಿಯನ್ ಚೆನ್ನಾಗಿ ಕಾಣಬೇಕಾದರೆ ಆ ತಗ್ಗಿನಿಂದ ಆಚೆಗಿನ ಬೆಳಕು ತುಂಬಿರಬೇಕು. ಬಣ್ಣದ ಡಬ್ಬಿಯಲ್ಲಿರುವುದು ಬೆಳಕಲ್ಲಿ ಇಲ್ಲದಿದ್ದರೆ ಕ್ಯಾಮೆರಾ ಎಲ್ಲಿಂದ ತರುತ್ತದೆ? ಆದರೆ ಬೇರೆ ಲೈಟು ಬರೋದು ಮಧ್ಯಾಹ್ನ. ಬೆಳಿಗ್ಗೆ ಅದರಲ್ಲೇ ಶುರು ಮಾಡಿದೆವು.

ಶುರು ಮಾಡುವ ಮುಂಚೆ ನಮ್ಮ ಸೌಂಡಿನ ಹುಡುಗ ಫ್ಯಾನ್ ಬಂದ್ ಮಾಡಿದ. ಯಾವ ಶೂಟಿಂಗ್‌ನಲ್ಲಾದರೂ ಮೊದಲು ಮಾಡುವ ಕೆಲಸ ಅದು. ಫ್ಯಾನಿನ ಗುಂಯ್ ಸದ್ದು ಮೈಕಿನಲ್ಲಿ ಕೂತರೆ ಆಮೇಲೆ ತೆಗೆಯೋದು ಕಷ್ಟ. ಕಿಟಕಿಯನ್ನೂ ಮುಚ್ಚಿದ, ಹೊರಗೆ ಟಂಟಂ ಗಾಡಿ ಓಡಾಡುತ್ತವೆ ಅಂತ.

ಮಾಸ್ತರರು ನೀರು ಬಳಿದರು, ಆಕಾಶ ಹಾಕಿದರು, ಕಾದರು. ಎಂದಿನ ಹೊತ್ತು ಮುಗಿಯಿತು. ಬ್ರಷ್ಷಿಗೆ ಬಣ್ಣ ತೆಗೆದುಕೊಂಡು ಕೈ ಎತ್ತಿದರು, ಮತ್ತೆ ಇಳಿಸಿದರು. ಇನ್ನೂ ಸ್ವಲ್ಪ ಕಾದರು. ನಾನು ಹಿಂದಿನಿಂದ "ಸರ, ರೆಡಿ ಇದ್ದೀವ್ರಿ" ಅಂದೆ, ಆ ಗಡಿಬಿಡಿಗೆ ಇಟ್ಟೇಬಿಟ್ಟರು. ಮರ ಆಕಾಶದಲ್ಲಿ ಕರಗಿ ಕೆಳಗೆ ಶಿಖರದವರೆಗೆ ಇಳಿಯಿತು.

"ಫ್ಯಾನ್ ಯಾಕ ಬಂದ್ ಮಾಡೀದಿ ತಮ್ಮಾ?" ಅಂತ ಕೇಳಿದರು.

"ಸೌಂಡ್ ಬರ್ತದ್ರಿ ಸರ."

"ಬರ್ಲೇಳ. ನೀರ ಆರವಲ್ದು ನೋಡು. ನನ್ನ ಕೈಗೆ ಈ ಫ್ಯಾನಿನ ಲೆಕ್ಕ ಐತಿ."

ಆಗಲೂ ನನಗೆ ತಲೆಗೆ ಹೋಗಲಿಲ್ಲ, ಸತ್ಯ ಹೇಳುತ್ತೇನೆ. ಪಾಪ ವಯಸ್ಸಾದವರು, ಸೆಕೆ ಆಗ್ತಿದೆ ಅಂದುಕೊಂಡೆ.

ಮಧ್ಯಾಹ್ನ ಒಂದು ಸಾವಿರ ವಾಟಿನ ಟಂಗ್‌ಸ್ಟನ್ ಲೈಟು ಎರಡು ಬಂದವು. ಟಂಗ್‌ಸ್ಟನ್ ಬೆಳಕಲ್ಲಿ ಎಲ್ಲಾ ಬಣ್ಣವೂ ಎಲ್ಲೂ ಬಿಟ್ಟುಹೋಗದೆ ಇರುತ್ತದೆ, ವಿರಿಡಿಯನ್ ಬದುಕಿಬಂತು. ನಮಗೆ ಖುಷಿ. ಆದರೆ ಆ ಲೈಟು ಬೆಳಕಿಗಿಂತ ಜಾಸ್ತಿ ಕೊಡೋದು ಬಿಸಿ. ನಾಲ್ಕು ಅಡಿ ದೂರದಲ್ಲಿ ಎರಡು ಲೈಟು, ಏಪ್ರಿಲ್ ತಿಂಗಳ ಗದಗ. ಬೆಳಿಗ್ಗೆ ಆರದೇ ಇದ್ದ ಕಾಗದ ಈಗ ಕೆಳಗಿನ ಅಂಚು ಬಳಿಯುವಷ್ಟರಲ್ಲಿ ಮೇಲಿನ ಅಂಚು ಆರಿಬಿಡುತ್ತಿತ್ತು. ಮರ ಇಟ್ಟರು, ಅಂಚು ಗಟ್ಟಿಯಾಗಿ ನಿಂತಿತು. ಅದನ್ನು ಸರಿಮಾಡಲು ನೀರಿನ ಬ್ರಷ್ ಇಟ್ಟರು, ಹೂ ಬಿತ್ತು. ಒಂದೇ ದಿನ ಎರಡು ಕಾಗದ ಹೋದವು. ಹತ್ತಿ ಕಾಗದ ಅಗ್ಗದ್ದಲ್ಲ, ಮತ್ತೆ ಪ್ರತಿಯೊಂದರ ಹಿಂದೆ ಅವರ ಒಂದು ರಾತ್ರಿಯ ತಯಾರಿ ಇದೆ. ಅವರು ಒಂದು ಮಾತೂ ಅನ್ನಲಿಲ್ಲ. ಸಂಜೆ ಮಿರ್ಚಿ ಗಿರ್ಮಿಟ್ ತರಿಸಿ ನಮಗೆಲ್ಲ ತಿನ್ನಿಸಿದರು. ಅದು ನನಗೆ ಇನ್ನೂ ಚುಚ್ಚುತ್ತದೆ.

ಇನ್ನೊಂದು ಆಯಿತು ಅವತ್ತು. ಮಾನಿಟರ್ ನೋಡಲು ಮಾಸ್ತರರನ್ನು ಕರೆದೆವು. ಕ್ಯಾಮೆರಾ ಲಾಗ್‌ನಲ್ಲಿತ್ತು, ಅಂದರೆ ಚಿತ್ರ ಬೂದಿ ಮುಚ್ಚಿದ ಹಾಗೆ ಮಂಕಾಗಿ ಕಾಣುವ ರೀತಿ. ಅವರ ಮುಖ ಸಣ್ಣಗಾಯಿತು. "ಇದು ನನ್ನ ಬಣ್ಣ ಅಲ್ಲ" ಅಂದರು. ಆಮೇಲೆ ಬಣ್ಣ ಸರಿಯಾಗಿ ತೋರಿಸುವ ಲಟ್ ಹಾಕಿ ತೋರಿಸಿದೆವು, ಆದರೆ ಆಗಲೇ ಅವರ ಮನಸ್ಸಲ್ಲಿ ಒಂದು ಸಂಶಯ ಕೂತಿತ್ತು. ಬಣ್ಣದವರಿಗೆ ಲಾಗ್ ಚಿತ್ರ ತೋರಿಸಬೇಡಿ. ಮಾನಿಟರ್‌ಗೆ ಲಟ್ ಹಾಕಿಯೇ ಕರೆಯಿರಿ.

ಎರಡನೇ ದಿನ

ಎರಡನೇ ದಿನ ನಾವು ಇನ್ನೂ ಜಾಣರಾಗಲು ಹೋದೆವು. ಹಿಂದಿನ ದಿನದ ಶಾಟ್‌ಗಳಲ್ಲಿ ಹಸಿ ಕಾಗದ ಫಳಫಳ ಹೊಳೆದು ಬಣ್ಣವೇ ಕಾಣುತ್ತಿರಲಿಲ್ಲ. ಅದಕ್ಕೆ ಮ್ಯೂಸಿಯಂನವರು ಚಿತ್ರಗಳ ಫೋಟೊ ತೆಗೆಯುವ ಉಪಾಯ ಮಾಡಿದೆವು. ಬೇರೆ ಒಳ್ಳೆ ಎಲ್ಇಡಿ ತರಿಸಿ, ಅದರ ಮುಂದೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಕಟ್ಟಿ, ಲೆನ್ಸಿಗೂ ಪೋಲರೈಸರ್ ಹಾಕಿ ಅಡ್ಡ ತಿರುಗಿಸಿದರೆ ಮೇಲ್ಮೈಯ ಹೊಳಪು ಪೂರ್ತಿ ಮಾಯ ಆಗುತ್ತದೆ, ಕೆಳಗಿನ ಬಣ್ಣ ಮಾತ್ರ ಉಳಿಯುತ್ತದೆ. ಮೂರು ಸ್ಟಾಪಿಗಿಂತ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆದ ಹಾಗೆ) ಬೆಳಕು ಹೋಗುತ್ತದೆ, ಅದಕ್ಕೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು 3200 ಐಎಸ್ಒಗೆ ಏರಿಸಿದೆವು. ಈ ಕ್ಯಾಮೆರಾಕ್ಕೆ 400 ಮತ್ತು 3200 ಎರಡೂ ಮೂಲ ಸೆಟ್ಟಿಂಗ್‌ಗಳೇ, ಚಿತ್ರ ಅಷ್ಟೇನೂ ಹಾಳಾಗಲ್ಲ. ಕಿಟಕಿಯ ಬೆಳಕು ನಮ್ಮ ಹಾಳೆಯ ಮೂಲಕ ಬರೋದಿಲ್ಲ, ಅದು ಬಂದರೆ ಹೊಳಪು ಮತ್ತೆ ಬರುತ್ತದೆ, ಅದಕ್ಕೆ ಕಿಟಕಿಗೆ ಕರಿ ಬಟ್ಟೆ ಕಟ್ಟಿದೆವು.

ಚಿತ್ರ ಬಂದದ್ದು ನೋಡಿದರೆ! ಅಲ್ಟ್ರಾಮರೀನ್‌ನ ಕಣಗಳು ಕಾಗದದ ತಗ್ಗಿನಲ್ಲಿ ಒಂದೊಂದಾಗಿ ಕೂರೋದು ಕಾಣುತ್ತಿತ್ತು. ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

ಕೆಳಗೆ ಮಾಸ್ತರರು ಒದ್ದಾಡುತ್ತಿದ್ದರು. ಅವರ ಕಿಟಕಿ ಇರಲಿಲ್ಲ. ಹಾಗಾಗಿ ಕಾಗದದಲ್ಲಿ ನಮ್ಮ ಲೈಟಿನ ಪ್ರತಿಬಿಂಬ ಹುಡುಕಲು ತಲೆಯನ್ನು ಹಿಂದೆ ಮುಂದೆ ಮಾಡುತ್ತಿದ್ದರು, ಇನ್ನೂ ಜಾಸ್ತಿ ಬಗ್ಗುತ್ತಿದ್ದರು. ಬಗ್ಗಿದಾಗೆಲ್ಲ ಮೇಲಿನ ಕ್ಯಾಮೆರಾದ ಫ್ರೇಮಿಗೆ ಅವರ ಬಿಳಿ ತಲೆ ಅಡ್ಡ ಬರುತ್ತಿತ್ತು. ನಾನು ಏನು ಹೇಳಿದೆ ಗೊತ್ತಾ? "ಸರ, ತಲಿ ಸ್ವಲ್ಪ ಹಿಂದ ಇಟ್ಕೊಳ್ರಿ, ಫ್ರೇಮಿಗೆ ಬರ್ತದ." ಅವರು ಪಾಪ ಹಿಂದೆ ಇಟ್ಟುಕೊಂಡರು. ಕಾಗದ ನೋಡದೆ, ಬರೀ ಐವತ್ತು ವರ್ಷದ ಅಂದಾಜಿನ ಮೇಲೆ ಮರ ಇಟ್ಟರು. ಪರವಾಗಿಲ್ಲ ಅನ್ನುವ ಹಾಗೆ ಬಂತು. ನಾವು ಕಟ್ ಹೇಳಿ ಸಾಮಾನು ಕಟ್ಟಿ ಹುಬ್ಬಳ್ಳಿಗೆ ಬಂದೆವು.

ವಾರ ಆದ ಮೇಲೆ ಒರಟು ಎಡಿಟ್ ತಯಾರಾಯಿತು. ಮಾಸ್ತರರ ಹಳೇ ಶಿಷ್ಯರೊಬ್ಬರು ಹುಬ್ಬಳ್ಳಿಯಲ್ಲಿ ಡ್ರಾಯಿಂಗ್ ಕಲಿಸುತ್ತಾರೆ, ಅವರನ್ನು ಕರೆದು ತೋರಿಸಿದೆ. ಬಣ್ಣ ಹೊಗಳಿದರು. ಆಮೇಲೆ ಮರ ಇಡುವ ಜಾಗ ಬಂದಾಗ ನಿಲ್ಲಿಸಲು ಹೇಳಿದರು. "ಆಕಾಶ ಹಾಕಿದ ಕೂಡ್ಲೆ ಮರ ಇಟ್ರಲ್ಲ, ನಡುವ ಏನೂ ಮಾಡ್ಲಿಲ್ಲೇನ್ರಿ?" ನಡುವೆ ಮಾಸ್ತರರು ಸುಮಾರು ಒಂದೂವರೆ ನಿಮಿಷ ಸುಮ್ನೆ ಕೂತಿದ್ದರು, ಏನೂ ಆಗ್ತಿರಲಿಲ್ಲ, ಅದಕ್ಕೆ ಎಡಿಟರ್ ಅದನ್ನು ಮೂರು ಸೆಕೆಂಡಿಗೆ ಇಳಿಸಿದ್ದಾನೆ ಅಂದೆ. ಅವರು ಪೂರ್ತಿ ತೆಗೆದು ತೋರಿಸಿ ಅಂದರು. ತೋರಿಸಿದೆ. ಒಂದೂವರೆ ನಿಮಿಷ ನೋಡಿ ಹೇಳಿದರು: "ಕಾಗದ ಒಣಗಿದ್ದೈತೊ ಹಸಿ ಐತೊ ನನಗೂ ಗೊತ್ತಾಗವಲ್ದು. ಮಿಂಚೇ ಇಲ್ಲಲ್ರಿ ಇದರಾಗ."

ಅವತ್ತು ರಾತ್ರಿ ಎಲ್ಲಾ ಒಂದಕ್ಕೊಂದು ಕೂಡಿ ಬಂತು. ಫ್ಯಾನು, ಬಿಸಿ ಲೈಟು, ಮುಚ್ಚಿದ ಕಿಟಕಿ, ಪೋಲರೈಸರ್, 'ತಲೆ ಹಿಂದೆ ಇಟ್ಕೊಳ್ರಿ', ಮೂರು ಸೆಕೆಂಡಿನ ಕಟ್. ಬೇರೆ ಬೇರೆ ಆರು ತಪ್ಪು ಅನಿಸುತ್ತದೆ, ಅಲ್ವಾ? ಅಲ್ಲ. ಎಲ್ಲವೂ ಒಂದೇ ಕಡೆ ಹೊಡೆದಿದ್ದವು. ಈ ಕೆಲಸದ ಜೀವ ಇರೋದು ನೀರು ಆರುವ ಹೊತ್ತಿನಲ್ಲಿ. ಮೊದಲ ಮೂರು ಮತ್ತು 'ತಲೆ ಹಿಂದೆ' ಅಂದದ್ದು ಆ ಹೊತ್ತನ್ನು ಕೆಡಿಸಿದವು ಇಲ್ಲವೇ ಮಾಸ್ತರರಿಗೆ ಕಾಣದ ಹಾಗೆ ಮಾಡಿದವು, ಉಳಿದೆರಡು ನೋಡುವವರಿಗೆ ಕಾಣದ ಹಾಗೆ ಮಾಡಿದವು.

ಮತ್ತೆ ಮೂರು ದಿನ

ಮಾಸ್ತರರಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಬರ್ರಿ ಅಂದರು. ಈ ಸಲ ಹೋದ ಕೂಡಲೇ ಕ್ಯಾಮೆರಾ ತೆಗೆಯಲಿಲ್ಲ. ಅರ್ಧ ದಿನ ನಾಲ್ಕೂ ಜನ ಸುಮ್ನೆ ಕೂತು ಅವರು ಕೆಲಸ ಮಾಡೋದನ್ನು ನೋಡಿದೆವು. ನಮ್ಮ ಕ್ಯಾಮೆರಾ ಹುಡುಗ ಕೊನೆಗೆ ಅವರ ಎಡಗಿವಿಯ ಪಕ್ಕ ತನ್ನ ಕಣ್ಣು ತಂದು ಕಾಗದ ನೋಡಿದ. "ಅಣ್ಣಾ, ಇಲ್ಲಿಂದ ಕಾಣ್ತದ" ಅಂದ. ಎರಡನೇ ಕ್ಯಾಮೆರಾದ ಜಾಗ ಅದೇ ಆಯಿತು. ಮಾಸ್ತರರು ಬಲಗೈಯವರು, ಹಾಗಾಗಿ ಎಡಗಿವಿಯ ಹತ್ತಿರ ಲೆನ್ಸ್ ಇದ್ದರೆ ಕೈ ಅಡ್ಡ ಬರೋದಿಲ್ಲ, ಕಿಟಕಿಯ ಪ್ರತಿಬಿಂಬ ಅವರಿಗೆ ಕಾಣುವ ಕೋನದಲ್ಲೇ ಕ್ಯಾಮೆರಾಕ್ಕೂ ಕಾಣುತ್ತದೆ.

ಮೇಲಿನ ಕ್ಯಾಮೆರಾದಲ್ಲಿ ಪೋಲರೈಸರ್ ಹಾಗೇ ಇಟ್ಟೆವು, ಅದು ಬಣ್ಣಕ್ಕೆ. ಎಡಗಿವಿಯ ಕ್ಯಾಮೆರಾದಿಂದ ಪೋಲರೈಸರ್ ಕಳಚಿದೆವು, ಅದು ಮಿಂಚಿಗೆ. ಇಲ್ಲಿ ಒಂದು ಎಚ್ಚರ. ಕಿಟಕಿಯ ಪ್ರತಿಬಿಂಬ ಬಹಳ ಪ್ರಖರ ಇದೆ ಅಂತ ಹುಡುಗ ತಿರುಗಿಸಿ ಬೆಳಕು ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಫಿಲ್ಟರ್ ಹಾಕಿದ, ಮಿಂಚು ಮತ್ತೆ ಮಾಯ. ಆ ಫಿಲ್ಟರ್ ಒಳಗೆ ಇರೋದೇ ಎರಡು ಪೋಲರೈಸರ್. ನೀರಿನ ಮೇಲಿನ ಹೊಳಪು ಸುಮಾರು 53 ಡಿಗ್ರಿ ಕೋನದಲ್ಲಿ ಪೂರ್ತಿ ಪೋಲರೈಸ್ ಆಗಿರುತ್ತದೆ, ಆ ಕೋನದ ಹತ್ತಿರ ಇದ್ದರೆ ಫಿಲ್ಟರ್ ಒಂದು ಕಡೆ ತಿರುಗಿದರೆ ಸಾಕು, ಹೊಳಪು ಹೋಯಿತು. ಸಾದಾ ಎನ್‌ಡಿ ಗಾಜು ಹಾಕಿದ ಮೇಲೆ ಸರಿಹೋಯಿತು.

ಫ್ಯಾನ್ ಹಚ್ಚೇ ಇಟ್ಟೆವು, ಅವರ ಎಂದಿನ ನಂಬರ್‌ನಲ್ಲೇ. ಮೈಕನ್ನು ಅವರ ಅಂಗಿಯ ಗುಂಡಿಯ ಹತ್ತಿರ ಸಿಕ್ಕಿಸಿದೆವು, ಬಾಯಿಗೆ ಹತ್ತಿರ ಆದಷ್ಟೂ ಫ್ಯಾನಿನ ಸದ್ದು ಹಿಂದೆ ಸರಿಯುತ್ತದೆ. ಬ್ರಷ್ ಕಾಗದಕ್ಕೆ ಉಜ್ಜುವ ಸದ್ದು, ಡಬ್ಬಿಯಲ್ಲಿ ನೀರು ಕಲಕುವ ಸದ್ದು ಬೇರೆ ಹೊತ್ತಿನಲ್ಲಿ ಫ್ಯಾನ್ ನಿಲ್ಲಿಸಿ, ಬೇಡದ ಕಾಗದದ ಮೇಲೆ ಮಾಡಿಸಿಕೊಂಡು ರೆಕಾರ್ಡ್ ಮಾಡಿದೆವು.

ಟಂಗ್‌ಸ್ಟನ್ ವಾಪಸ್ ಕಳಿಸಿದೆವು. ಎಡಗಿವಿಯ ಕ್ಯಾಮೆರಾಕ್ಕೆ ಕಿಟಕಿ ಬೆಳಕೇ ಸಾಕು. ನೆರಳಿನ ಕಡೆ ತುಂಬಿಕೊಳ್ಳಲು ಒಂದು ಒಳ್ಳೆ ಎಲ್ಇಡಿಯನ್ನು ಎಂಟು ಅಡಿ ಹಿಂದೆ ಇಟ್ಟು ಮುಂದೆ ಮಾಸ್ತರರದೇ ಒಂದು ಬಿಳಿ ಧೋತರ ಕಟ್ಟಿದೆವು. ಎಷ್ಟು ಮೆತ್ತಗಿನ ಬೆಳಕು ಬಂತು ಅಂದರೆ ಆ ಧೋತರವನ್ನೇ ಕೇಳಿ ತೆಗೆದುಕೊಂಡು ಬಂದಿದ್ದೇನೆ. ಕಿಟಕಿ ತೆರೆದ ಮೇಲೆ ಮೇಲಿನ ಕ್ಯಾಮೆರಾದಲ್ಲಿ ಹೊಳಪು ಪೂರ್ತಿ ಹೋಗಲಿಲ್ಲ, ಬಣ್ಣ ಎರಡನೇ ದಿನದಷ್ಟು ಶುದ್ಧ ಇಲ್ಲ. ಅದನ್ನು ಒಪ್ಪಿಕೊಂಡೆವು.

ಉತ್ತರದ ಕಿಟಕಿ ಬಗ್ಗೆ ಒಂದು ಮಾತು. ಉತ್ತರದ ಬೆಳಕು ದಿನವಿಡೀ ಒಂದೇ ತರ ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಅದು ಯುರೋಪಿನ ಲೆಕ್ಕ. ಗದಗ ಇರೋದು ಹದಿನೈದೂವರೆ ಡಿಗ್ರಿ ಅಕ್ಷಾಂಶದಲ್ಲಿ. ಮಾರ್ಚ್ ಕೊನೆಯಿಂದಲೇ ಸೂರ್ಯ ಮುಳುಗೋದು ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದು, ಮೇ ಮೊದಲ ವಾರದಿಂದ ಆಗಸ್ಟ್ ಹತ್ತರ ಸುಮಾರಿನವರೆಗೆ ನಡುಮಧ್ಯಾಹ್ನವೂ ಅವನು ನಮ್ಮ ಉತ್ತರಕ್ಕೇ ಇರುತ್ತಾನೆ. ಏಪ್ರಿಲ್ ನಡುವೆ ಸಂಜೆ ನಾಲ್ಕರ ಮೇಲೆ ಕಿಟಕಿಯ ಪಕ್ಕದ ಗೋಡೆಗೆ ಓರೆ ಬಿಸಿಲು ಬಿದ್ದು ಆ ಹಳದಿ ಬೆಳಕು ಕಾಗದದ ಮೇಲೆ ಬರುತ್ತಿತ್ತು. ಮಾಸ್ತರರು ನಾಲ್ಕಕ್ಕೆ ಬ್ರಷ್ ತೊಳೆದಿಡುತ್ತಾರೆ, ನಾವೂ ನಾಲ್ಕಕ್ಕೆ ನಿಲ್ಲಿಸಿದೆವು. ಪ್ರತಿ ಸಲ ಕ್ಯಾಮೆರಾ ಜರುಗಿಸಿದಾಗ 24 ಚೌಕದ ಬಣ್ಣದ ಚಾರ್ಟ್ ಒಂದು ಶಾಟ್ ತೆಗೆದುಕೊಂಡೆವು.

ಮ್ಯಾಕ್ರೋ ಶಾಟ್‌ಗಳಿಗೆ ಒಂದು ದಿನ ಬೇರೆಯೇ ಇಟ್ಟೆವು. ಕಾಗದದ ನಾಲ್ಕೂವರೆ ಸೆಂಟಿಮೀಟರ್ ಅಗಲದ ತುಣುಕು ಪರದೆ ತುಂಬಿದರೆ ಅಪರ್ಚರ್ (ಲೆನ್ಸಿನ ಕಿಂಡಿ) 8ಕ್ಕೆ ಕಿರಿದು ಮಾಡಿ ಇಟ್ಟರೂ ಫೋಕಸ್ ಸಿಗೋದು ಬರೀ 2 ಮಿಲಿಮೀಟರ್ ಆಳಕ್ಕೆ. ಎಷ್ಟೇ ಬಿಗಿದು ಅಂಟಿಸಿದ ಕಾಗದವೂ ನೀರು ಕುಡಿದಾಗ ಅದಕ್ಕಿಂತ ಜಾಸ್ತಿ ಉಬ್ಬುತ್ತದೆ. ಹಾಗಾಗಿ ಒಣ ಕಾಗದಕ್ಕೆ ಹಿಡಿದ ಫೋಕಸ್ ಒದ್ದೆ ಕಾಗದಕ್ಕೆ ಸುಳ್ಳು. ನೀರು ಬಳಿದ ಮೇಲೆ ಮತ್ತೆ ಹಿಡಿಯಬೇಕು. ಸ್ಲೋ ಮೋಷನ್ ಒಂದೂ ತೆಗೆಯಲಿಲ್ಲ. ನೀರಲ್ಲಿ ಬಣ್ಣ ಬಿಚ್ಚಿಕೊಳ್ಳೋದು ನಿಧಾನದಲ್ಲಿ ಬಹಳ ಚಂದ ಕಾಣುತ್ತದೆ, ಈ ಕ್ಯಾಮೆರಾದಲ್ಲಿ ಚಿತ್ರ ಚಿಕ್ಕದು ಮಾಡಿಕೊಂಡರೆ 120 ಫ್ರೇಮ್‌ವರೆಗೂ ಹೋಗಬಹುದು. ಆದರೆ ಕಲಿಯುವವನಿಗೆ ಆ ವೇಗ ಸುಳ್ಳು ಹೇಳುತ್ತದೆ.

ಸ್ಟೋರೇಜ್ ವಿಷಯ ಕೇಳುವವರಿಗೆ: ಬಿ-ರಾ 8:1ರಲ್ಲಿ (ಈ ಕ್ಯಾಮೆರಾದ ಸ್ವಂತ ಫೈಲು, ಎಂಟು ಪಟ್ಟು ಕುಗ್ಗಿಸಿದ್ದು) 25 ಫ್ರೇಮಿಗೆ ಸೆಕೆಂಡಿಗೆ ಸುಮಾರು 100 ಎಂಬಿ, ಗಂಟೆಗೆ 360 ಜಿಬಿ. ಕಾಯುವ ಹೊತ್ತನ್ನೂ ಬಿಡದೆ ತೆಗೆದರೆ ಡಿಸ್ಕ್ ಬೇಗ ತುಂಬುತ್ತದೆ. ಕೊನೆಯ ಮೂರು ದಿನ ಎರಡೂ ಕ್ಯಾಮೆರಾ ಸೇರಿ ಹತ್ತು ಗಂಟೆಯ ಚಿತ್ರ ಆಯಿತು, 3.6 ಟಿಬಿ. ಅದರ ಇನ್ನೊಂದು ಕಾಪಿ ಬೇರೆ. ಕರೆಂಟು ಎರಡು ಸಲ ಹೋಯಿತು, ದೊಡ್ಡ ಬ್ಯಾಟರಿ ಇದ್ದದ್ದರಿಂದ ಕ್ಯಾಮೆರಾ ನಿಲ್ಲಲಿಲ್ಲ. ಫ್ಯಾನ್ ನಿಂತಿತು. ಮಾಸ್ತರರೂ ಕೈ ನಿಲ್ಲಿಸಿ ಬ್ರಷ್ ಪಕ್ಕಕ್ಕಿಟ್ಟರು, ನಾವು ಅದನ್ನೂ ಶೂಟ್ ಮಾಡಿದೆವು. ಆ ಶಾಟ್ ಸಿನಿಮಾದಲ್ಲಿದೆ.

ಬಣ್ಣ ಸರಿಮಾಡುವಾಗ ಇನ್ನೊಂದು ಸಲ ಎಡವಿದೆವು. ಗ್ರೇಡಿಂಗ್ ಮಾಡುವ ಹುಡುಗ ಬಹಳ ಚುರುಕು. ಹಸಿ ಆಕಾಶದ ಶಾಟ್ ಗಾಢ, ಆರಿದ ಆಕಾಶದ ಶಾಟ್ ತೆಳು. ಎರಡೂ ಒಂದೇ ಆಕಾಶ, ಹೊಂದಲ್ಲ ಅಂತ ಆರಿದ್ದನ್ನು ಎತ್ತಿ ಹಸಿಯ ಗಾಢಕ್ಕೆ ತಂದಿಟ್ಟ. ಬೇರೆ ಯಾವ ಸಿನಿಮಾದಲ್ಲಾದರೂ ಅದೇ ಸರಿ. ಇಲ್ಲಿ ಅಲ್ಲ. ಜಲವರ್ಣ ಆರಿದ ಮೇಲೆ ತೆಳುವಾಗುತ್ತದೆ, ಅದಕ್ಕೇ ಮಾಸ್ತರರು ಬೇಕಾದದ್ದಕ್ಕಿಂತ ಒಂದು ಪಟ್ಟು ಗಾಢ ಹಾಕುತ್ತಾರೆ, ಹೊಸಬರು ಹೆದರಿ ತೆಳು ಹಾಕಿ ಕೊನೆಗೆ ಸಪ್ಪೆ ಚಿತ್ರ ಮಾಡಿಕೊಳ್ಳುತ್ತಾರೆ. ಆ ವ್ಯತ್ಯಾಸ ಕಾಣಲೇಬೇಕು. ಚಾರ್ಟ್ ಶಾಟ್ ಇಟ್ಟುಕೊಂಡು ಎರಡನ್ನೂ ಒಂದೇ ಅಳತೆಗೆ ತಂದು, ಆಮೇಲೆ ಹಸಿ ಹಸಿಯ ಹಾಗೆ, ಒಣ ಒಣಗಿದ ಹಾಗೆ ಬಿಟ್ಟೆವು.

ಎಡಿಟ್‌ನಲ್ಲಿ ಕಾಯುವ ಹೊತ್ತನ್ನು ಒಂದು ಸೆಕೆಂಡೂ ಕತ್ತರಿಸಲಿಲ್ಲ. ಎಡಗಿವಿಯ ಕ್ಯಾಮೆರಾದ ಒಂದೇ ಶಾಟ್, ಒಂದು ನಿಮಿಷ ಹತ್ತು ಸೆಕೆಂಡ್. ಸಂಗೀತ ಇಲ್ಲ, ಫ್ಯಾನಿನ ಸದ್ದು ಇದೆ. ಕಾಗದದಲ್ಲಿ ಕಿಟಕಿಯ ಸರಳು ಕಾಣುತ್ತದೆ, ಮಸುಕಾಗುತ್ತದೆ, ಹೋಗುತ್ತದೆ. ಎಡಿಟರ್‌ಗೆ ಭಯ ಇತ್ತು, ಜನ ಎದ್ದುಹೋಗ್ತಾರೆ ಅಂತ. ನನಗೂ ಇತ್ತು.

ಮೊದಲು ಮಾಸ್ತರರಿಗೇ ತೋರಿಸಿದೆವು, ಅವರ ಮನೆಯ ಪಡಸಾಲೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. ಜೊತೆಗೆ ಅವರ ಮೊಮ್ಮಗಳು, ಒಂಬತ್ತನೇ ಕ್ಲಾಸು. ಆ ಶಾಟ್ ಬಂದಾಗ ಅವರು ಕುರ್ಚಿಯಲ್ಲೇ ಮುಂದೆ ಬಗ್ಗಿದರು, ಸ್ವಲ್ಪ ಎಡಕ್ಕೆ ವಾಲಿದರು. ಸರಳು ಮಸುಕಾಯಿತು. ಬಿಳಿ ಮಚ್ಚೆ ಆಯಿತು. "ಈಗ" ಅಂದರು, ಪರದೆಯಲ್ಲಿ ಅವರ ಕೈ ಇನ್ನೂ ಎದ್ದಿರಲಿಲ್ಲ. ಮರುಕ್ಷಣ ಕೈ ಎದ್ದು ಬ್ರಷ್ ಕಾಗದಕ್ಕೆ ತಾಗಿತು. ಮೊಮ್ಮಗಳು ಹಿಂದಕ್ಕೆ ಹಾಕಿ ಇನ್ನೊಂದು ಸಲ ತೋರಿಸಿ ಅಂದಳು. ಎರಡನೇ ಸಲ ಅವಳೂ ಅಜ್ಜನ ಜೊತೆ "ಈಗ" ಅಂದಳು, ಸ್ವಲ್ಪ ಬೇಗ. "ಇನ್ನೂ ತಡಿಬೇಕಿತ್ತು" ಅಂದರು ಮಾಸ್ತರರು.

ಆಮೇಲೆ ಚಹಾ ಕುಡಿಯುತ್ತ ಅವರೇ ಇನ್ನೊಂದು ವಿಷಯ ತೆಗೆದರು. ಇದು ಬೇಸಿಗೆಯ ಗದಗದ ಲೆಕ್ಕ, ಮಳೆಗಾಲದ ಧಾರವಾಡದಲ್ಲಿ ಇದೇ ಕಾಗದ, ಇದೇ ನೀರು, ಆದರೆ ಮಿಂಚು ಹೋಗಲು ಬಹಳ ಹೊತ್ತು ಹಿಡಿಯುತ್ತದೆ, ಕೈ ಬೇರೆ ತರ ಕಾಯಬೇಕಾಗುತ್ತದೆ, ಅದೂ ಇದರಲ್ಲಿ ಇದ್ದರೆ ಹುಡುಗರಿಗೆ ತಿಳಿಯುತ್ತದೆ ಅಂದರು. ಧಾರವಾಡದಲ್ಲಿ ಅವರ ತಂಗಿಯ ಮನೆ ಇದೆ, ಅಲ್ಲೂ ಉತ್ತರಕ್ಕೆ ಕಿಟಕಿ ಇದೆಯಂತೆ. ಜುಲೈನಲ್ಲಿ ಹೋಗುತ್ತಿದ್ದೇವೆ. ಪ್ಲೈವುಡ್ ಹಲಗೆ ಮತ್ತು ಡಿಕ್ಷನರಿ ಅವರು ತರುತ್ತಾರೆ, ಧೋತರ ನನ್ನ ಹತ್ತಿರವೇ ಇದೆ.